ಪಂಪಿಲ್ಲದೆ ಕೋರೆಯ ನೀರು ತೋಟಕ್ಕೆ: ನನ್ನ ಅನುಭವ

ಈ ಸಲ ಡಿಸೆಂಬರಿನಿಂದ ಮಾರ್ಚ್ ನಡುವಿನವರೆಗೆ ನಮ್ಮ 300 ಅಡಿಕೆ ಮರಗಳಿಗೆ ಒಂದು ಹನಿ ಡೀಸೆಲ್ ಇಲ್ಲದೆ, ಒಂದು ಯೂನಿಟ್ ಕರೆಂಟ್ ಇಲ್ಲದೆ ನೀರು ಬಿಟ್ಟೆ. ಬರೀ ಪೈಪು. ಇಷ್ಟಕ್ಕೆ ಮೂರು ವರ್ಷ ಹಿಡಿಯಿತು. "ನೀರು ಗುಂಡಿಯಿಂದ ತಾನಾಗಿ ಮೇಲೆ ಹತ್ತುವುದುಂಟಾ? ನಿನಗೆ ಮರುಳಾ ಮಾರಾಯ?" ಎಂದಿದ್ದ ಮಾವ ಈಗ ಬೆಳಿಗ್ಗೆ ತೋಟದಲ್ಲಿ ನೀರು ಬೀಳುವ ಡ್ರಮ್ಮಿನ ಹತ್ತಿರ ಬಂದು ಸುಮ್ನೆ ನಿಂತು ನೋಡುತ್ತಾರೆ. ಹಾಗಾಗಿ ಬರೆಯುವ ಧೈರ್ಯ ಬಂತು.

ಉಡುಪಿಯಿಂದ ಹೆಬ್ರಿ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಜಾಗ. ಗುಡ್ಡದ ಮೇಲೆ ನಮ್ಮದೇ ಹಳೆಯ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಕೋರೆ, ಅಂದರೆ ಕಲ್ಲು ಕಡಿದ ಗುಂಡಿ ಇದೆ. ಸುಮಾರು 40 ಅಡಿ ಅಗಲ, 50 ಅಡಿ ಉದ್ದ. ನಮ್ಮಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ದಾಟಿ ಮಳೆ ಬರುತ್ತದೆ, ಕೋರೆ ತುಂಬುತ್ತದೆ. ತೋಟ ಕೆಳಗಿದೆ. ಆದರೂ 2019ರ ಬೇಸಿಗೆಯಲ್ಲಿ ಬಾವಿ ತಳ ಕಂಡು ತೋಟ ಅರ್ಧ ಒಣಗಿತು. ಕೃಷಿ ಪಂಪಿಗೆ 10 ಎಚ್‌ಪಿವರೆಗೆ ಕರೆಂಟು ಉಚಿತ, ಸರಿ. ಆದರೆ ಗುಡ್ಡದ ಮೇಲೆ ಲೈನ್ ಎಲ್ಲಿಂದ ತರುವುದು? ಕಂಬ, ತಂತಿ ಎಲ್ಲ ಸೇರಿ ಲಕ್ಷ ದಾಟುತ್ತದೆ ಎಂದರು. ಡೀಸೆಲ್ ಪಂಪ್ ಬಾಡಿಗೆಗೆ ತಂದರೆ ಒಂದು ಬೇಸಿಗೆಗೆ 15 ಸಾವಿರ ಹೋಗುತ್ತಿತ್ತು.

ಚಿಕ್ಕವನಿದ್ದಾಗ ರೇಷನ್ ಅಂಗಡಿಯಲ್ಲಿ ಡ್ರಮ್ಮಿನಿಂದ ಟ್ಯೂಬ್ ಹಾಕಿ ಚಿಮಿಣಿ ಎಣ್ಣೆ ಇಳಿಸುವುದನ್ನು ನೋಡಿದ್ದೆ. ಟ್ಯೂಬಿನ ಹೊರಗಿನ ತುದಿ ಒಳಗಿನ ಎಣ್ಣೆಗಿಂತ ತಗ್ಗಿನಲ್ಲಿದ್ದರೆ ಡ್ರಮ್ಮಿನ ಅಂಚು ದಾಟಿ ಎಣ್ಣೆ ಹೊರಗೆ ಬರುತ್ತದಲ್ಲ, ಅದೇ ಸೈಫನ್. ಕೋರೆಯೂ ಒಂದು ದೊಡ್ಡ ಡ್ರಮ್ಮೇ ಅಲ್ವಾ?

ಮೊದಲ ವರ್ಷ ಗಾರ್ಡನ್ ಪೈಪ್ ಹಾಕಿದೆ. 2,800 ರೂಪಾಯಿ. ಬೆಳಿಗ್ಗೆ ಚೆನ್ನಾಗಿ ಬಂತು, ಮಧ್ಯಾಹ್ನ ನಿಂತಿತು. ಮೇಲೆ ಹತ್ತಿ ನೋಡಿದರೆ ಅಂಚಿನ ಹತ್ತಿರ ಪೈಪು ಚಪ್ಪಟೆ. ಅಲ್ಲಿ ಒಳಗಿನ ಒತ್ತಡ ಕಡಿಮೆ, ಹೊರಗಿನ ಗಾಳಿ ಒತ್ತುತ್ತದೆ. ಬಿಸಿಲಿಗೆ ಮೆತ್ತಗಾದ ಪೈಪು ತಡೆಯಲಿಲ್ಲ.

ಎರಡನೇ ವರ್ಷ ಒಂದೂವರೆ ಇಂಚಿನ ಪಿವಿಸಿ. ಸುಮಾರು 9 ಸಾವಿರ. ಹತ್ತಿಪ್ಪತ್ತು ಜಾಯಿಂಟ್. ಹತ್ತು ನಿಮಿಷ ಹರಿಯುವುದು, ನಿಲ್ಲುವುದು. ಎಲ್ಲಿಯೂ ಒಂದು ಹನಿ ಸೋರುತ್ತಿಲ್ಲ! ಪ್ಲಂಬರ್ ಎರಡು ದಿನ ಹುಡುಕಿ ಕೈಬಿಟ್ಟ. ಇದು ಅರ್ಥವಾಗಲು ನನಗೆ ಒಂದು ತಿಂಗಳು ಬೇಕಾಯಿತು. ಪಂಪಿನ ಪೈಪಿನಲ್ಲಿ ತೂತಾದರೆ ನೀರು ಹೊರಗೆ ಬರುತ್ತದೆ. ಸೈಫನ್ನಿನ ಮೇಲಿನ ಭಾಗದಲ್ಲಿ ತೂತಾದರೆ ಗಾಳಿ ಒಳಗೆ ಹೋಗುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಕೊನೆಗೆ ಬಟ್ಟೆ ಸೋಪಿನ ದಪ್ಪ ನೊರೆಯನ್ನು ಪ್ರತಿ ಜಾಯಿಂಟಿಗೆ ಹಚ್ಚಿದೆ. ತೂತಿರುವಲ್ಲಿ ನೊರೆ ಒಳಗೆ ಎಳೆದುಕೊಂಡಿತು. ನಾಲ್ಕು ಕಡೆ ಸಿಕ್ಕಿತು. ನಾಲ್ಕನ್ನು ಸರಿ ಮಾಡಿದರೆ ಐದನೆಯದು ಶುರು.

ಮೂರನೇ ಸಲ ಎಚ್‌ಡಿಪಿಇ ರೋಲ್. ಸುರುಳಿಯಾಗಿ ಉದ್ದಕ್ಕೆ ಬರುವ ಗಟ್ಟಿ ಪ್ಲಾಸ್ಟಿಕ್ ಪೈಪು. 120 ಮೀಟರ್, 8 ಸಾವಿರದ ಆಸುಪಾಸು. ಅಂಚಿನ ಮೇಲೆ ಜಾಯಿಂಟೇ ಬಾರದಂತೆ ಎಳೆದೆ, ಒಂದು ಟೀ (ಮೂರು ಬಾಯಿಯ ಜಾಯಿಂಟ್) ಮಾತ್ರ. ಕೋರೆಯ ನೀರಿನೊಳಗಿನ ಬಾಯಿಗೆ ಫುಟ್ ವಾಲ್ವ್ (ಒಳಗೆ ಬಂದ ನೀರನ್ನು ಹಿಂದಕ್ಕೆ ಬಿಡದ ವಾಲ್ವ್), ಡ್ರಮ್ಮಿನ ತುದಿಯಲ್ಲಿ ತಿರುಗಿಸಿ ಮುಚ್ಚುವ ಗೇಟ್ ವಾಲ್ವ್, ಶುರುವಿಗೆ ಟೀಯಿಂದ ಪೈಪಿಗೆ ನೀರು ತುಂಬಿಸುವುದು.  ಬಾಯಿಯಿಂದ ಎಳೆಯುವ ಸಾಹಸ ಮಾತ್ರ ಮಾಡಬೇಡಿ. ಕೋರೆಯ ನೀರು, ನಮ್ಮ ಕಡೆ ಇಲಿಜ್ವರದ ಭಯ ಇದ್ದೇ ಇದೆ.

ಇದು ಒಂದೂವರೆ ದಿನ ಹರಿದು ನಿಂತಿತು. ಅಷ್ಟು ಹೊತ್ತು ಹರಿದದ್ದೇ ದೊಡ್ಡದು ಎಂದುಕೊಂಡೆ. ಗಾಳಿ ಎಲ್ಲಿಂದ ಬಂತು? ನೀರಿನಿಂದಲೇ. ಸೋಡಾ ಬಾಟ್ಲಿ ತೆರೆದಾಗ ಗುಳ್ಳೆ ಏಳುವ ಹಾಗೆ, ಒತ್ತಡ ಕಡಿಮೆಯಾದಲ್ಲಿ ನೀರಿನಲ್ಲಿ ಕರಗಿದ ಗಾಳಿ ಹೊರಗೆ ಬರುತ್ತದೆ. ಎತ್ತರದ ಜಾಗದಲ್ಲಿ ಕೂರುತ್ತದೆ. ಟೀ ಮೇಲೆ ಎರಡಡಿಯ ದಪ್ಪ ಪೈಪನ್ನು ನೆಟ್ಟಗೆ ನಿಲ್ಲಿಸಿ, ಅದರ ಬುಡದಲ್ಲೊಂದು ವಾಲ್ವ್, ಮೇಲೊಂದು ವಾಲ್ವ್ ಹಾಕಿದೆ. ಗಾಳಿ ಅಲ್ಲಿ ಸೇರುತ್ತದೆ. ದಿನಾ ಬೆಳಿಗ್ಗೆ ಬುಡದ ವಾಲ್ವ್ ಮುಚ್ಚಿ, ಮೇಲಿನದು ತೆರೆದು, ನೀರು ತುಂಬಿಸಿ, ಮೇಲಿನದು ಮುಚ್ಚಿ, ಬುಡದ್ದು ತೆರೆದರೆ ಆಯಿತು. ಐದು ನಿಮಿಷದ ಕೆಲಸ. ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಸಾಲುವುದಿಲ್ಲ. ನಾನು ಏನು ಹಚ್ಚುತ್ತೇನೆ, ನೀರಿನೊಳಗಿನ ಬಾಯಿಯನ್ನು ಹೇಗೆ ಇಟ್ಟಿದ್ದೇನೆ ಎನ್ನುವುದನ್ನು ತೋಟಕ್ಕೆ ಬಂದವರಿಗೆ ಮಾತ್ರ ತೋರಿಸುವುದು.

ಅಳತೆಗೆ ಮೇಸ್ತ್ರಿಯ ಟ್ಯೂಬ್ ಲೆವೆಲ್ (ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಟ್ಯೂಬ್) ಬಳಸಿದೆ. ನನ್ನ ಕಣ್ಣಂದಾಜು ಕೋರೆಯ ಅಂಚಿನಿಂದ ಡ್ರಮ್ಮಿಗೆ 45 ಅಡಿ ಇಳಿಜಾರು. ಅಳೆದರೆ 37. ಟ್ಯೂಬಿನೊಳಗೆ ಒಂದು ಗುಳ್ಳೆ ಇದ್ದರೂ ಲೆವೆಲ್ ತಪ್ಪು ತೋರಿಸುತ್ತದೆ, ಮೊದಲು ತಟ್ಟಿ ತೆಗೆಯಿರಿ.

ಹೈಸ್ಕೂಲಿನಲ್ಲಿ ಗಾಳಿಯ ಒತ್ತಡ 76 ಸೆಂಟಿಮೀಟರ್ ಪಾದರಸ ಎಂದು ಬಾಯಿಪಾಠ ಮಾಡಿದ್ದೆವು. 1643ರಲ್ಲಿ ಟಾರಿಚೆಲ್ಲಿ ತೋರಿಸಿದ್ದು. ಪಾದರಸ ನೀರಿಗಿಂತ 13.6 ಪಟ್ಟು ಭಾರ. ಗುಣಿಸಿದರೆ 10.3 ಮೀಟರ್, ಅಂದರೆ 34 ಅಡಿ ಹತ್ತಿರ. ಸಮುದ್ರಮಟ್ಟದಲ್ಲಿ ಗಾಳಿ ನೀರನ್ನು ಅಷ್ಟೇ ಎತ್ತಿ ಹಿಡಿಯುವುದು. ಈ ಮಿತಿ ಡ್ರಮ್ಮಿಗೆ ಇಳಿಯುವ ಎತ್ತರಕ್ಕಲ್ಲ, ಕೋರೆಯ ನೀರು ಅಂಚಿಗೆ ಹತ್ತುವ ಎತ್ತರಕ್ಕೆ. 1,894 ಮೀಟರ್ ಎತ್ತರದ ಕುದುರೆಮುಖದ ತುದಿಯಲ್ಲಾದರೆ 27 ಅಡಿಗೇ ಮುಗಿಯುತ್ತದೆ. ನನ್ನ ಪೈಪಿನಲ್ಲಿ 34 ಎಂದೂ ಸಿಗಲಿಲ್ಲ. ಕೋರೆಯ ನೀರು ಅಂಚಿನಿಂದ 24 ಅಡಿಗಿಂತ ಕೆಳಗಿಳಿದರೆ ಕಾಟ ಶುರು.

ಆಗ ಎಲ್ಲರೂ ಇನ್ನೂ ದಪ್ಪ ಪೈಪ್ ಹಾಕು ಎಂದರು. ನಾನು ಪೈಪು ಮುಟ್ಟಲಿಲ್ಲ. ಇಬ್ಬರು ಆಳು, ಪಿಕ್ಕಾಸು, ಒಂದೂವರೆ ದಿನ. ಅಂಚಿನಲ್ಲಿ ಮುರಕಲ್ಲು ಕಡಿದು ಮೂರಡಿ ಆಳದ ಕಾಲುವೆ ಮಾಡಿ ಪೈಪನ್ನು ಅದರೊಳಗೆ ಕೂರಿಸಿದೆ. ಖರ್ಚು 3 ಸಾವಿರ ಚಿಲ್ಲರೆ. ನೀರು ಹತ್ತಬೇಕಾದ ಎತ್ತರ ಮೂರಡಿ ಇಳಿಯಿತು, ಕೋರೆಯಲ್ಲಿ ಇನ್ನೂ ಮೂರಡಿ ನೀರು ಸಿಕ್ಕಿತು. ಅದು ಸುಮಾರು 20 ದಿನದ ನೀರು! ಇಡೀ ಕೆಲಸದಲ್ಲಿ ನನಗೆ ಹೆಚ್ಚು ಹೆಮ್ಮೆ ಇರುವುದು ಇದರ ಬಗ್ಗೆಯೇ.

ಇನ್ನೊಂದು ವಿಷಯವನ್ನು ಯಾರೂ ನಂಬುವುದಿಲ್ಲ. ಕೋರೆಯ ನೀರು ತುಂಬಾ ಇಳಿದಾಗ ಡ್ರಮ್ಮಿನ ತುದಿಯ ಗೇಟ್ ವಾಲ್ವನ್ನು ಪೂರ್ತಿ ತೆರೆದರೆ ಹರಿವು ನಿಲ್ಲುತ್ತದೆ. ಸ್ವಲ್ಪ ಮುಚ್ಚಿದರೆ ನಿಲ್ಲದೆ ಬರುತ್ತದೆ. ವೇಗ ಜಾಸ್ತಿಯಾದಷ್ಟೂ ಅಂಚಿನಲ್ಲಿ ಪೈಪಿನೊಳಗಿನ ಒತ್ತಡ ಇಳಿಯುತ್ತದೆ, ನೀರಿನಿಂದ ಗಾಳಿ ಹೊರಗೆ ಬರುತ್ತದೆ. ತೀರಾ ಮುಚ್ಚಿದರೂ ಗುಳ್ಳೆ ಅಲ್ಲಿಯೇ ಕೂರುತ್ತದೆ. ಕೈಗೆ ಅಭ್ಯಾಸವಾಗಬೇಕು. ಪೈಪಿನ ತುದಿ ಡ್ರಮ್ಮಿನ ನೀರಿನೊಳಗೆ ಮುಳುಗಿರಲಿ, ಇಲ್ಲದಿದ್ದರೆ ಗಾಳಿ ಕೆಳಗಿನಿಂದಲೂ ಹತ್ತುತ್ತದೆ.

200 ಲೀಟರ್ ಡ್ರಮ್ಮು ಡಿಸೆಂಬರಿನಲ್ಲಿ ಎರಡೂವರೆ ನಿಮಿಷಕ್ಕೆ ತುಂಬುತ್ತಿತ್ತು. ಮಾರ್ಚಿನಲ್ಲಿ ನಾಲ್ಕು ನಿಮಿಷ. ಮರಕ್ಕೆ ದಿನಕ್ಕೆ 20 ಲೀಟರ್ ಎಂದರೆ 6,000 ಲೀಟರ್, ಎರಡು ಗಂಟೆಯೊಳಗೆ ಮುಗಿಯುತ್ತದೆ.

     

ಹಾಳಾದ ಹಣ 12 ಸಾವಿರದ ಹತ್ತಿರ. ಕೆಲಸಕ್ಕೆ ಬಂದದ್ದು ವಾಲ್ವು, ಟೀ ಸೇರಿ 14 ಸಾವಿರ. ಮಾರ್ಚ್ ನಂತರ ಬಾವಿಯ ಪಂಪೇ ಗತಿ, ಆದರೆ ಅಲ್ಲಿಯವರೆಗೆ ಬಾವಿಯನ್ನು ಮುಟ್ಟದ ಕಾರಣ ಈ ಸಲ ಮೇ ಕೊನೆಯವರೆಗೂ ಅದರಲ್ಲಿ ನೀರಿತ್ತು. ಮಳೆಗೆ ಮೊದಲು ಪೈಪನ್ನು ಸುತ್ತಿ ಕೊಟ್ಟಿಗೆಯ ಅಟ್ಟಕ್ಕೆ ಹಾಕಿದ್ದೇನೆ. ಇಲಿ ಹಲ್ಲು ಹಾಕಿದರೂ ಗೊತ್ತಾಗುವುದಿಲ್ಲ, ಡಿಸೆಂಬರಿನಲ್ಲಿ ಮತ್ತೆ ಸೋಪಿನ ನೊರೆ ಹಚ್ಚಿ ನೋಡಬೇಕು.