ಹಲವರು ಬಳಸುವ ಪ್ರಯೋಗಾಲಯ: ಸುರಿಯುವ ಮುನ್ನ ಬಾಟಲಿಯ ಚೀಟಿ ಓದಿ

ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ಪ್ರಯೋಗಾಲಯವನ್ನು ಒಂದೇ ತಂಡ ಬಳಸುವುದು ಅಪರೂಪ. ಬೆಳಿಗ್ಗೆ ಸ್ನಾತಕೋತ್ತರ ವಿದ್ಯಾರ್ಥಿಗಳು, ಮಧ್ಯಾಹ್ನ ಸಂಶೋಧನಾರ್ಥಿಗಳು, ಸಂಜೆ ಯಾವುದೋ ಉಪಕರಣಕ್ಕಾಗಿ ಬೇರೆ ವಿಭಾಗದಿಂದ ಬಂದವರು ಅದೇ ಮೇಜು, ಅದೇ ಫ್ಯೂಮ್ ಹುಡ್ (ಆವಿ, ಹೊಗೆಯನ್ನು ಹೊರಗೆಳೆಯುವ, ಗಾಜಿನ ಬಾಗಿಲಿನ ಗೂಡು), ಅದೇ ತ್ಯಾಜ್ಯದ ಬಾಟಲಿಗಳನ್ನು ಬಳಸುತ್ತಾರೆ. ನಿಮ್ಮ ಪ್ರಯೋಗದ ಅಪಾಯ ನಿಮಗೆ ಗೊತ್ತಿರುತ್ತದೆ. ನಿಮ್ಮ ನಂತರ ಬಂದು ಅದೇ ಬಾಟಲಿಯ ಮುಚ್ಚಳ ತೆಗೆಯುವವರಿಗೆ ಗೊತ್ತಿರುವುದಿಲ್ಲ. ಪ್ರಯೋಗವನ್ನು ಬಹಳ ಎಚ್ಚರದಿಂದ ಮಾಡಿದವರೇ ಕೊನೆಯ ಹತ್ತು ನಿಮಿಷ, ಅಂದರೆ ತೊಳೆದು, ಸುರಿದು ಹೊರಡುವ ಹೊತ್ತಿನಲ್ಲಿ, ಎಡವುವುದನ್ನು ವರ್ಷಗಳಿಂದ ನೋಡುತ್ತಾ ಬಂದಿದ್ದೇನೆ. ಈ ಲೇಖನದ ಹೆಚ್ಚಿನ ಭಾಗ ಆ ಹತ್ತು ನಿಮಿಷದ ಬಗ್ಗೆಯೇ ಇದೆ.

ಮೊದಲ ಹಂತ: ಜಾಗ ತಿಳಿದುಕೊಳ್ಳಿ

ಕಣ್ಣು ತೊಳೆಯುವ ನಲ್ಲಿ, ತುರ್ತು ಶವರ್, ಅಗ್ನಿಶಾಮಕ ಮತ್ತು ಹೊರಬಾಗಿಲು ಎಲ್ಲಿವೆ ಎಂದು ಕೆಲಸಕ್ಕೆ ಕೈ ಹಾಕುವ ಮೊದಲೇ ನೋಡಿಕೊಳ್ಳಿ. ಕಣ್ಣು ತೊಳೆಯುವ ನಲ್ಲಿ ಹತ್ತು ಸೆಕೆಂಡಿನಲ್ಲಿ ತಲುಪುವಷ್ಟು ಹತ್ತಿರದಲ್ಲಿರಬೇಕು, ದಾರಿಯಲ್ಲಿ ಸ್ಟೂಲು ಅಥವಾ ರಟ್ಟಿನ ಪೆಟ್ಟಿಗೆ ಇರಬಾರದು. ಕಣ್ಣಿಗೆ ರಾಸಾಯನಿಕ ಸಿಡಿದರೆ ಕನಿಷ್ಠ 15 ನಿಮಿಷ ರೆಪ್ಪೆ ಬಿಡಿಸಿ ಹಿಡಿದು ತೊಳೆಯಬೇಕು. ಆಗ ನಲ್ಲಿಯಿಂದ ತುಕ್ಕು ನೀರು ಬರಬಾರದಾದ್ದರಿಂದ ವಾರಕ್ಕೊಮ್ಮೆ ಅದನ್ನು ತಪ್ಪದೆ ಹರಿಸಿಡಿ.

ಎರಡನೆಯ ಹಂತ: ಸುರಕ್ಷತಾ ಮಾಹಿತಿ ಪತ್ರ

ಪ್ರತಿ ರಾಸಾಯನಿಕಕ್ಕೂ ಇರುವ ಈ ಪತ್ರದಲ್ಲಿ 16 ವಿಭಾಗಗಳಿರುತ್ತವೆ. ಎರಡನೆಯದು ಅಪಾಯಗಳನ್ನೂ ನಾಲ್ಕನೆಯದು ಪ್ರಥಮ ಚಿಕಿತ್ಸೆಯನ್ನೂ ಹೇಳುತ್ತವೆ. ಸಾಮಾನ್ಯವಾಗಿ ಎಲ್ಲರ ಓದು ಅಲ್ಲಿಗೇ ನಿಲ್ಲುತ್ತದೆ. ಹಲವರು ಕೂಡಿ ಬಳಸುವ ಪ್ರಯೋಗಾಲಯದಲ್ಲಿ ಹತ್ತನೆಯ ವಿಭಾಗವನ್ನು ಓದದೆ ಬಾಟಲಿ ತೆರೆಯಲೇಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಈ ವಸ್ತು ಯಾವುದರ ಜೊತೆ ಸೇರಬಾರದು ಎಂಬುದು ಇರುವುದು ಅಲ್ಲಿಯೇ.

ಮೂರನೆಯ ಹಂತ: ಉಡುಪು

ಪೂರ್ತಿ ತೋಳಿನ ಹತ್ತಿಯ ಏಪ್ರನ್ ಧರಿಸಿ ಗುಂಡಿಗಳನ್ನೆಲ್ಲ ಹಾಕಿ. ಪಾದ ಮುಚ್ಚುವ ಬೂಟು ಹಾಕಿ. ಬದಿಗಳನ್ನೂ ಮುಚ್ಚುವ ಸುರಕ್ಷಾ ಕನ್ನಡಕ ಧರಿಸಿ. ಪಾಲಿಯೆಸ್ಟರ್ ಏಪ್ರನ್ ಹಗುರ, ಇಸ್ತ್ರಿ ಬೇಡ ಎಂದು ಹಲವರು ಕೊಳ್ಳುತ್ತಾರೆ, ಆದರೆ ಬೆಂಕಿ ತಗುಲಿದರೆ ಅದು ಕರಗಿ ಚರ್ಮಕ್ಕೆ ಅಂಟುತ್ತದೆ. 2008ರ ಡಿಸೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಶೆರಿ ಸಾಂಗ್ಜಿ ಎಂಬ 23 ವರ್ಷದ ಸಂಶೋಧನಾ ಸಹಾಯಕಿ, ಗಾಳಿ ತಾಗಿದೊಡನೆ ಉರಿಯುವ ದ್ರವವನ್ನು ಸಿರಿಂಜಿನಲ್ಲಿ ಎಳೆಯುವಾಗ ಅದು ಚೆಲ್ಲಿ ಬೆಂಕಿ ಹತ್ತಿತು. ಅವರು ಏಪ್ರನ್ ಧರಿಸಿರಲಿಲ್ಲ, ಮೈಮೇಲಿದ್ದುದು ಕೃತಕ ನೂಲಿನ ಸ್ವೆಟರ್. 18 ದಿನಗಳ ನಂತರ ಅವರು ತೀರಿಕೊಂಡರು.

ಕೈಗವಸಿನ ವಿಷಯದಲ್ಲಿಯೂ ಒಂದು ಮಾತು. ಎಲ್ಲ ಕಡೆ ಸಿಗುವ ತೆಳು ನೈಟ್ರೈಲ್ (ಕೃತಕ ರಬ್ಬರ್) ಕೈಗವಸನ್ನು ಡೈಕ್ಲೋರೋಮೀಥೇನ್ ಎಂಬ ದ್ರಾವಕ ಕೆಲವೇ ನಿಮಿಷಗಳಲ್ಲಿ ದಾಟಿಬಿಡುತ್ತದೆ. ಚೆಲ್ಲಿದ ತಕ್ಷಣ ಅದನ್ನು ಕಳಚಿ ಹೊಸದನ್ನು ಹಾಕಿಕೊಳ್ಳಬೇಕು. 1996ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಪ್ರಾಧ್ಯಾಪಕಿ ಕ್ಯಾರೆನ್ ವೆಟರ್‌ಹಾನ್ ಅವರ ಲೇಟೆಕ್ಸ್ ಕೈಗವಸಿನ ಮೇಲೆ ಬಿದ್ದದ್ದು ಡೈಮೀಥೈಲ್ ಮರ್ಕ್ಯುರಿ ಎಂಬ ಪಾದರಸದ ವಿಷಕಾರಿ ಸಂಯುಕ್ತದ ಕೆಲವು ಹನಿ ಮಾತ್ರ; ಅದು ಒಳಗಿಳಿದು ಮರುವರ್ಷ ಅವರ ಪ್ರಾಣ ತೆಗೆಯಿತು. ಕೈಗವಸು ಹಾಕಿಕೊಂಡೇ ಬಾಗಿಲ ಹಿಡಿಕೆ, ಮೊಬೈಲು ಮುಟ್ಟುವವರು ತಮ್ಮ ಕೈಯನ್ನು ಕಾಪಾಡಿಕೊಂಡು ಬೇರೆಯವರ ಕೈಗೆ ವಿಷ ಹಚ್ಚುತ್ತಾರೆ.

ನಾಲ್ಕನೆಯ ಹಂತ: ಕೆಲಸ

ಫ್ಯೂಮ್ ಹುಡ್‌ನಲ್ಲಿ ಅಂಚಿನಿಂದ 15 ಸೆಂಟಿಮೀಟರ್ ಒಳಗೆ ಪಾತ್ರೆಗಳನ್ನಿಟ್ಟು, ಗಾಜಿನ ಬಾಗಿಲನ್ನು ಸಾಧ್ಯವಾದಷ್ಟು ಇಳಿಸಿ ಕೆಲಸ ಮಾಡಿ. ಆಮ್ಲವನ್ನು ನೀರಿಗೆ ಸುರಿಯಿರಿ, ನೀರನ್ನು ಆಮ್ಲಕ್ಕಲ್ಲ. ಒಬ್ಬರೇ ಇರುವಾಗ ಅಪಾಯದ ಕೆಲಸ ಬೇಡ.

ಐದನೆಯ ಹಂತ: ತ್ಯಾಜ್ಯ

ನಾನು ಮೇಲ್ವಿಚಾರಣೆ ಮಾಡುತ್ತಿದ್ದ ಪ್ರಯೋಗಾಲಯವೊಂದರ ಬೀಗ ತೆಗೆದಾಗ, ಒಂದು ಬೆಳಿಗ್ಗೆ, ಫ್ಯೂಮ್ ಹುಡ್‌ನೊಳಗೆ ಎರಡೂವರೆ ಲೀಟರಿನ ಬಾಟಲಿಯ ತಳ ಮಾತ್ರ ನಿಂತಿತ್ತು. ಉಳಿದ ಗಾಜು ಚೂರಾಗಿ ಎದುರಿನ ಮೇಜಿನವರೆಗೂ ಹಾರಿತ್ತು. ಚೀಟಿಯ ತುಂಡೊಂದು ಸಿಂಕಿನ ಬಳಿ ಸಿಕ್ಕಿತು; ಅದರ ಮೇಲೆ ‘ತ್ಯಾಜ್ಯ’ ಎಂದಷ್ಟೇ ಬರೆದಿತ್ತು. ವಿಚಾರಿಸಿದಾಗ ತಿಳಿದದ್ದು ಇಷ್ಟು: ಒಬ್ಬರು ಗಾಜಿನ ಪಾತ್ರೆ ತೊಳೆದ ನೈಟ್ರಿಕ್ ಆಮ್ಲವನ್ನು ಸುರಿದಿದ್ದರು, ಸಂಜೆ ಇನ್ನೊಬ್ಬರು ಅಸಿಟೋನ್ ಸುರಿದು ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ಹೋಗಿದ್ದರು. ರಾತ್ರಿ ಒಳಗೆ ಯಾರೂ ಇರಲಿಲ್ಲ.

ನೈಟ್ರಿಕ್ ಆಮ್ಲವೂ ಅಸಿಟೋನ್, ಎಥನಾಲ್‌ನಂಥ ಸಾವಯವ ದ್ರಾವಕಗಳೂ ಸೇರಿದಾಗ ಎಷ್ಟೋ ಸಲ ತಕ್ಷಣ ಏನೂ ಕಾಣಿಸುವುದಿಲ್ಲ, ಮೋಸವಾಗುವುದೇ ಇಲ್ಲಿ. ದ್ರವ ನಿಧಾನವಾಗಿ ಬಿಸಿಯಾಗುತ್ತದೆ, ಬಾಟಲಿಯ ಒಳಮೈಗೆ ಸಣ್ಣ ಗುಳ್ಳೆಗಳು ಸಾಲಾಗಿ ಹತ್ತುತ್ತವೆ, ಕತ್ತಿನ ಬಳಿ ಕಂದು ಬಣ್ಣದ ನೈಟ್ರೋಜನ್ ಡೈಆಕ್ಸೈಡ್ ತುಂಬುತ್ತದೆ, ಬಿಸಿ ಏರಿದಷ್ಟೂ ಕ್ರಿಯೆಯ ವೇಗ ಹೆಚ್ಚುತ್ತದೆ. ಗಂಟೆಗಳ ನಂತರ ಗಾಜು ಒತ್ತಡ ತಾಳದೆ ಸಿಡಿಯುತ್ತದೆ.

ಆದ್ದರಿಂದ ನೈಟ್ರಿಕ್ ಆಮ್ಲಕ್ಕೆ ಪ್ರತ್ಯೇಕ ಬಾಟಲಿ ಇರಲಿ, ಅದು ಹಿಂದೆ ದ್ರಾವಕ ತುಂಬಿದ್ದ ಖಾಲಿ ಬಾಟಲಿಯಾಗಿರಬಾರದು. ತೊಳೆದುಬಿಟ್ಟರೆ ಸಾಕು ಎಂಬ ಅಡ್ಡದಾರಿಯನ್ನು ನಾನು ಒಪ್ಪುವುದಿಲ್ಲ. ಆಮ್ಲದಲ್ಲಿ ನೆನೆಸಿದ ಪಾತ್ರೆಯನ್ನು ಬೇಗ ಒಣಗಲೆಂದು ನೇರವಾಗಿ ಅಸಿಟೋನ್‌ನಿಂದ ತೊಳೆಯುವ ಅಭ್ಯಾಸವೂ ಬಹಳ ಕಡೆ ಇದೆ. ಹಾಗೆ ಮಾಡಬೇಡಿ: ಮೊದಲು ನೀರಿನಿಂದ ಮೂರು ಸಲ ತೊಳೆದು ಆ ನೀರನ್ನು ಆಮ್ಲದ ತ್ಯಾಜ್ಯಕ್ಕೆ ಹಾಕಿ, ಅನಂತರವಷ್ಟೇ ಅಸಿಟೋನ್ ಬಳಸಿ, ಅದನ್ನು ದ್ರಾವಕದ ತ್ಯಾಜ್ಯಕ್ಕೆ ಹಾಕಿ.

ಬೇರೆ ಜೋಡಿಗಳೂ ಇವೆ. ಡೈಕ್ಲೋರೋಮೀಥೇನ್, ಕ್ಲೋರೋಫಾರ್ಮ್‌ನಂಥ ಕ್ಲೋರಿನ್ ಇರುವ ದ್ರಾವಕಗಳಿಗೆ ಒಂದು ಬಾಟಲಿ, ಇಲ್ಲದವಕ್ಕೆ ಇನ್ನೊಂದು. ಕ್ಲೋರೋಫಾರ್ಮ್ ಮತ್ತು ಅಸಿಟೋನ್ ಇರುವಲ್ಲಿ ಪ್ರತ್ಯಾಮ್ಲ ಸೇರಿದರೆ ಭಾರಿ ಶಾಖ ಹುಟ್ಟುತ್ತದೆ. ಸೋಡಿಯಂ ಅಜೈಡ್ ಮತ್ತು ಡೈಕ್ಲೋರೋಮೀಥೇನ್ ಸೇರಿದರೆ ಸ್ಫೋಟಕ ವಸ್ತುವೇ ತಯಾರಾಗಬಹುದು. ಬ್ಲೀಚಿಗೆ ಆಮ್ಲ ತಾಗಿದರೆ ಕ್ಲೋರಿನ್, ಸಯನೈಡ್‌ಗೆ ಆಮ್ಲ ತಾಗಿದರೆ ಹೈಡ್ರೋಜನ್ ಸಯನೈಡ್ ಅನಿಲ ಹೊರಬರುತ್ತದೆ. ಅನುಮಾನ ಬಂದರೆ ಹೊಸ ಬಾಟಲಿ ತೆಗೆಯಿರಿ. ಬಾಟಲಿ ಉಳಿಸಲು ಹೋಗಿ ಯಾರದೋ ಕಣ್ಣು ಕಳೆಯುವಂತಾಗಬಾರದು.

ಚೀಟಿಯ ಮೇಲೆ ಒಳಗಿರುವ ಪ್ರತಿಯೊಂದರ ಪೂರ್ತಿ ಹೆಸರು, ಅಂದಾಜು ಪ್ರಮಾಣ, ಮೊದಲು ಸುರಿದ ದಿನಾಂಕ ಮತ್ತು ನಿಮ್ಮ ಹೆಸರು ಇರಬೇಕು. ಸೂತ್ರ ಅಥವಾ ನಿಮ್ಮ ತಂಡದೊಳಗಿನ ಸಂಕ್ಷೇಪ ಸಾಲದು. ‘ಪರ್ಮನೆಂಟ್’ ಎಂದು ಮಾರುವ ಮಾರ್ಕರ್‌ನ ಶಾಯಿ ಒಂದು ಹನಿ ಅಸಿಟೋನ್ ತಾಗಿದರೆ ಅಳಿಸಿಹೋಗುತ್ತದೆ. ಕಾಗದದ ಚೀಟಿಯ ಮೇಲೆ ಪೆನ್ಸಿಲಿನಿಂದ ಬರೆದು ಪಾರದರ್ಶಕ ಟೇಪು ಅಂಟಿಸಿ. ಬಾಟಲಿಯ ಹಳೆಯ ಲೇಬಲ್ ಕಿತ್ತು ತೆಗೆಯಿರಿ.

ಬಿಸಿಯಾಗಿರುವ ಅಥವಾ ನೊರೆಯೇಳುವ ದ್ರವವನ್ನು ಬಾಟಲಿಗೆ ಹಾಕದೆ, ಹೆಸರು ಬರೆದ ಬೀಕರಿನಲ್ಲಿ ಫ್ಯೂಮ್ ಹುಡ್‌ನೊಳಗೆ ಮಾರನೆಯ ದಿನದವರೆಗೆ ಬಿಡಿ. ಬಾಟಲಿಯನ್ನು ಐದರಲ್ಲಿ ನಾಲ್ಕು ಭಾಗಕ್ಕಿಂತ ಹೆಚ್ಚು ತುಂಬಬೇಡಿ. ಅನಿಲ ಬಿಡಬಹುದಾದ ತ್ಯಾಜ್ಯಕ್ಕೆ ಒತ್ತಡ ಹೊರಬಿಡುವ ಮುಚ್ಚಳವನ್ನೇ ಹಾಕಿ. ಉಳಿದ ಬಾಟಲಿಗಳನ್ನು ಮುಚ್ಚಿಡಿ. ಆಲಿಕೆಯನ್ನು ಬಾಯಲ್ಲೇ ಬಿಟ್ಟುಹೋದರೆ ದ್ರಾವಕದ ಆವಿ ದಿನವಿಡೀ ಹೊರಬರುತ್ತಿರುತ್ತದೆ.

ಬಾಟಲಿಯಲ್ಲಿ ಗುಳ್ಳೆ ಏಳುತ್ತಿರುವುದು ಅಥವಾ ಕಂದು ಹೊಗೆ ಕಂಡರೆ ಮುಚ್ಚಳ ತೆಗೆಯಲು ಹೋಗಬೇಡಿ, ಬಿಗಿ ಮಾಡಲೂ ಬೇಡಿ. ಫ್ಯೂಮ್ ಹುಡ್‌ನ ಗಾಜಿನ ಬಾಗಿಲನ್ನು ಬದಿಯಿಂದ ಕೈಗೆ ಸಿಗುವಂತಿದ್ದರೆ ಮಾತ್ರ ಇಳಿಸಿ, ಇತರರನ್ನು ಕರೆದುಕೊಂಡು ಹೊರಗೆ ಹೋಗಿ, ಬಾಗಿಲು ಮುಚ್ಚಿ ಮೇಲ್ವಿಚಾರಕರಿಗೆ ತಿಳಿಸಿ.

ಕೊನೆಯ ಹಂತ

ಕೈಗವಸು ಕಳಚಿ ಸೋಪಿನಿಂದ ಕೈ ತೊಳೆಯಿರಿ. ಯಾವ ಬಾಟಲಿಗೆ ಏನು, ಎಷ್ಟು ಸುರಿದಿರಿ ಎಂಬುದನ್ನು ದಾಖಲೆ ಪುಸ್ತಕದಲ್ಲಿ ಬರೆದು, ಪಕ್ಕದಲ್ಲಿ ರಾತ್ರಿಯೂ ಸಿಗುವ ನಿಮ್ಮ ಫೋನ್ ಸಂಖ್ಯೆ ಬರೆದು ಹೊರಡಿ.