ಆ ಟ್ರಂಕಿನಲ್ಲಿ ಏನಿತ್ತು?

ನನ್ನ ಕಾದಂಬರಿಯ ಕರಡು ಓದಿದ ಮೂವರೂ ಹೇಳಿದ್ದು ಒಂದೇ ಮಾತು: "ಭಾಷೆ ತುಂಬಾ ಚೆನ್ನಾಗಿದೆ." ಆಮೇಲೆ ಮಾತಿಲ್ಲ. ಮದುವೆ ಊಟ ಹೇಗಿತ್ತು ಅಂದರೆ ಬಾಳೆ ಎಲೆ ಚೆನ್ನಾಗಿತ್ತು ಅಂದ ಹಾಗೆ.

ಅತ್ತಿಗೆ ಮಾತ್ರ ಪಾತ್ರೆ ತೊಳೆಯುತ್ತಾ, "ಅಲ್ಲಾ, ಆ ಟ್ರಂಕಿನಲ್ಲಿ ಏನಿತ್ತು?" ಎಂದು ಕೇಳಿದರು.

ಮೊದಲ ಅಧ್ಯಾಯದಲ್ಲಿ ಅಜ್ಜಿ ತನ್ನ ಟ್ರಂಕಿಗೆ ಬೀಗ ಹಾಕಿ, ಬೀಗದ ಕೈಯನ್ನು ಬಾವಿಗೆ ಎಸೆಯುತ್ತಾಳೆ. ಆಮೇಲೆ ಇನ್ನೂರು ಪುಟ ಮಳೆ, ಅಡಿಕೆ ತೋಟ, ಪಾಲಿನ ಜಗಳ. ಟ್ರಂಕ್ ತೆರೆಯುವುದೇ ಇಲ್ಲ. ಬೇಕಂತಲೇ ಹಾಗೆ ಬಿಟ್ಟಿದ್ದೆ. ಬಿಟ್ಟರೆ ಗಂಭೀರ ಸಾಹಿತ್ಯ ಆಗುತ್ತದೆ ಅನ್ನೋ ಭ್ರಮೆ! ಸಮರ್ಥನೆಗೆ ಪೂರ್ಣಚಂದ್ರ ತೇಜಸ್ವಿಯವರ ಕಾದಂಬರಿ 'ಕರ್ವಾಲೊ' (1980) ಇತ್ತಲ್ಲ. ಅಲ್ಲೂ ಅಷ್ಟೆಲ್ಲ ಕಾಡು ಅಲೆದ ಮೇಲೆ ಹಾರುವ ಓತಿ ಕೈಗೆ ಸಿಗುವುದಿಲ್ಲ, ಪ್ರಪಾತದ ಕಡೆ ತೇಲಿ ಹೋಗುತ್ತದೆ. ಆದರೂ ಯಾವತ್ತೂ ಮೋಸಹೋದೆ ಅನ್ನಿಸಿಲ್ಲ.

ಯಾಕಿರಬಹುದು ಅಂತ ಪೆನ್ಸಿಲ್ ಹಿಡಿದು ಮತ್ತೆ ಓದಿದೆ. ಓತಿಯ ಮಾತು ಬಂದಲ್ಲೆಲ್ಲ ಗೆರೆ ಹಾಕಿದೆ. ಅಲ್ಲಿ ಓತಿ ಬೇಕಾಗಿರುವುದು ನನಗೊಬ್ಬನಿಗೇ ಅಲ್ಲ. ವಿಜ್ಞಾನಿ ಕರ್ವಾಲೊಗೆ ಬೇಕು, ಹಳ್ಳಿಯ ಮಂದಣ್ಣನಿಗೆ ಬೇಕು. ಅದು ಹೋಗುವಾಗ ಅವರೂ ನನ್ನ ಜೊತೆಗೇ ನೋಡುತ್ತಾ ನಿಂತಿರುತ್ತಾರೆ. ಕೈಗೆ ಸಿಗದಿದ್ದರೂ ಹಾರಿದ್ದನ್ನು ಕಣ್ಣಾರೆ ಕಂಡದ್ದಾಯ್ತು.

ನನ್ನ ಕರಡಿಗೂ ಅದೇ ಪೆನ್ಸಿಲ್. ಟ್ರಂಕಿನ ಮಾತು 9ನೇ ಪುಟದಲ್ಲಿತ್ತು, ಆಮೇಲೆ 188ರಲ್ಲಿ. ನಡುವೆ ಆ ಮನೆಯ ಯಾರಿಗೂ ಅದರ ನೆನಪೇ ಇಲ್ಲ. ಅತ್ತಿಗೆ ಒಬ್ಬರೇ ಕಾಯುತ್ತಾ ಕೂತಿದ್ದರು, ಪಾಪ.

ಟ್ರಂಕ್ ತೆರೆಸುವುದು ಸುಲಭವಿತ್ತು. ಒಂದು ಹಳೇ ಪತ್ರ, ಒಂದು ಜೊತೆ ಬಳೆ ಇಟ್ಟು ಕೈತೊಳೆದುಕೊಳ್ಳಬಹುದಿತ್ತು. ಬರೆದೂ ನೋಡಿದೆ, ಸೀರಿಯಲ್ ಥರ ಇತ್ತು, ಹರಿದು ಹಾಕಿದೆ. ಬದಲಿಗೆ ಆ ಮನೆಯ ಕಿರಿಮಗನಿಗೆ ಆ ಬೀಗದ ಕೈಯ ಹುಚ್ಚು ಹಿಡಿಸಿದೆ. ಪ್ರತಿ ಬೇಸಿಗೆ ನೀರು ಇಳಿದಾಗ ಬಾವಿಗೆ ಬಗ್ಗಿ ನೋಡುತ್ತಾನೆ. ಯಾರೂ ನೋಡದಾಗ ಟ್ರಂಕ್ ಅಲ್ಲಾಡಿಸಿ ಕಿವಿಗೊಡುತ್ತಾನೆ. ಮಳೆಯ ವರ್ಣನೆ ನಲವತ್ತು ಪುಟ ಹೋಯಿತು. ನನಗೆ ಬಹಳ ಇಷ್ಟವಾಗಿದ್ದ ಪುಟಗಳೇ ಅವು, ಹೊಟ್ಟೆ ಉರಿಯಿತು. ಕೊನೆಯಲ್ಲಿ ಅವನು ಹಗ್ಗ ಹಿಡಿದು ಬಾವಿಗೆ ಇಳಿಯುತ್ತಾನೆ. ಟ್ರಂಕ್ ಈಗಲೂ ಮುಚ್ಚಿಯೇ ಇದೆ.

ಮತ್ತೆ ಅತ್ತಿಗೆಗೇ ಕೊಟ್ಟೆ. ಎರಡು ದಿನ ಬಿಟ್ಟು ಫೋನ್ ಮಾಡಿದರು. ಟ್ರಂಕಿನ ಸುದ್ದಿ ಎತ್ತಲೇ ಇಲ್ಲ. "ಹಗ್ಗ ಹಳೇದು ಅಂತ ಬರೆದಿದ್ದೀಯಲ್ಲ, ಅವನು ಮೇಲೆ ಬಂದ್ನಾ?" ಅಂದರು.