ಡ್ರಾಯಿಂಗ್ ಇಲ್ಲದ ಹಳೇ ಗೇರಿಗೆ ಕಂಪ್ಯೂಟರ್ ಮಾಡೆಲ್: ನಾನು ಮಾಡಿದ ರೀತಿ

ಕಲಬುರಗಿಯ ಬೇಳೆ ಮಿಲ್ಲುಗಳಲ್ಲಿ ಇನ್ನೂ ಓಡುತ್ತಿರುವ ಹಳೇ ಮಷಿನ್‌ಗಳಿಗೆ ಡ್ರಾಯಿಂಗ್ ಸಿಗುವುದು ಕಷ್ಟ. ಕಪನೂರಿನ ನಮ್ಮ ವರ್ಕ್‌ಶಾಪಿಗೆ ಬರುವುದು ಸವೆದ ಗೇರ್ ಮಾತ್ರ. "ಹಳೇದರಂಗೇ ಮಾಡಿಕೊಡ್ರಿ ಅಣ್ಣಾ, ಸೀಸನ್ ಸುರು ಆಗ್ಯಾದ" ಅಂತ ಮಿಲ್ಲಿನವರು ಟೇಬಲ್ ಮೇಲೆ ಇಟ್ಟು ಹೋಗುತ್ತಾರೆ. ಹಲ್ಲಿನ ಆಕಾರ ಸಾಫ್ಟ್‌ವೇರೇ ಬಿಡಿಸಿಕೊಡುತ್ತದೆ. ಅದಕ್ಕೆ ಸರಿಯಾದ ಅಂಕಿ ಕೊಡುವುದೇ ನಮ್ಮ ಕೆಲಸ.

ಈಚೆಗೆ ಬಂದ ಒಂದು ಸ್ಪರ್ ಗೇರಿನ (ನೇರ ಹಲ್ಲಿನ ಗೇರ್) ಲೆಕ್ಕ ಹೇಳುತ್ತೇನೆ. ಹಲ್ಲು 40, ಹೊರ ವ್ಯಾಸ 133.3 ಮಿ.ಮೀ. ಹಲ್ಲಿನ ಸಂಖ್ಯೆಗೆ 2 ಕೂಡಿಸಿ, ಹೊರ ವ್ಯಾಸವನ್ನು ಅದರಿಂದ ಭಾಗಿಸಿದರೆ ಮಾಡ್ಯೂಲ್, ಅಂದರೆ ಹಲ್ಲಿನ ಗಾತ್ರ ಹೇಳುವ ಅಂಕಿ, ಸಿಗುತ್ತದೆ. ಇಲ್ಲಿ ಬಂದದ್ದು 3.17. ಮಾಡ್ಯೂಲ್ 3 ಆಗಿದ್ದರೆ ವ್ಯಾಸ 126 ಇರಬೇಕಿತ್ತು, ಅಲ್ವಾ? ಇಂಥ ಅರೆಬರೆ ಅಂಕಿ ಬಂದಾಗ 25.4 ಅನ್ನು ಅದರಿಂದ ಭಾಗಿಸಿ ನೋಡಬೇಕು. ಹೆಚ್ಚು ಕಡಿಮೆ 8 ಬಂತು. ಇದು ಇಂಚಿನ ಲೆಕ್ಕದ 8 ಡಿಪಿ (ಡಯಾಮೆಟ್ರಲ್ ಪಿಚ್, ಇಂಚಿನಲ್ಲಿ ಹಲ್ಲಿನ ಗಾತ್ರದ ಅಳತೆ) ಗೇರ್, ಮಾಡ್ಯೂಲ್ 3.175.

ಮುಂದಿನದು ಪ್ರೆಶರ್ ಆಂಗಲ್, ಅಂದರೆ ಹಲ್ಲು ಹಲ್ಲನ್ನು ಒತ್ತುವ ಕೋನ. ಈಗಿನ ಗೇರುಗಳಲ್ಲಿ ಜಾಸ್ತಿ 20 ಡಿಗ್ರಿ, ಹಳೆಯವುಗಳಲ್ಲಿ 14.5 ಕೂಡ ಇರುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ. ನಾನು ವರ್ನಿಯರ್‌ನಲ್ಲಿ ನಾಲ್ಕು ಹಲ್ಲು ಹಿಡಿದು ಅಳತೆ ತೆಗೆಯುತ್ತೇನೆ, ಆಮೇಲೆ ಅದೇ ಜಾಗದಲ್ಲಿ ಐದು ಹಲ್ಲು ಹಿಡಿದು. ದೊಡ್ಡದರಲ್ಲಿ ಚಿಕ್ಕದನ್ನು ಕಳೆದರೆ 20 ಡಿಗ್ರಿಗೆ 9.37 ಬರಬೇಕು, 14.5ಕ್ಕೆ 9.66. ನನಗೆ ಬಂದದ್ದು 9.65. ಈ ಉಪಾಯದ ಸೊಗಸು ನೋಡಿ: ಹಲ್ಲುಗಳು ಒಂದೇ ಸಮ ಸವೆದಿದ್ದರೆ ಸವೆತ ಎರಡೂ ಅಳತೆಯಲ್ಲಿ ಅಷ್ಟೇ ಇರುತ್ತದೆ, ಕಳೆದಾಗ ಹೊರಟುಹೋಗುತ್ತದೆ. ಇದರ ಜೋಡಿ ಪಿನಿಯನ್ (ಚಿಕ್ಕ ಗೇರ್) ಮಷಿನ್‌ನಲ್ಲೇ ಉಳಿಯುವುದರಿಂದ ಸುಮ್ನೆ 20 ಹಾಕಿ ಮಾಡುವ ಹಾಗಿರಲಿಲ್ಲ.

ಮಾಡೆಲ್ ಮಾಡಿದ್ದು ಉಚಿತವಾಗಿ ಸಿಗುವ ಡ್ರಾಯಿಂಗ್ ಸಾಫ್ಟ್‌ವೇರ್ ಫ್ರೀಕ್ಯಾಡ್‌ನಲ್ಲಿ. ಗೇರಿಗೆಂದೇ ಅದರಲ್ಲಿ ಒಂದು ಆಡ್‌ಆನ್ ಇದೆ. ಹಲ್ಲು, ಮಾಡ್ಯೂಲ್, ಆಂಗಲ್ ತುಂಬಿದರೆ ಗೇರ್ ಎದ್ದು ನಿಲ್ಲುತ್ತದೆ. ಆದರೆ ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಡಿಲ) ಸೊನ್ನೆ ಇಟ್ಟರೆ ಬಿಸಿಯಾದಾಗ ಹಲ್ಲು ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಲೆಕ್ಕದ ಪ್ರಕಾರ ನಾಲ್ಕು ಹಲ್ಲಿನ ಅಳತೆ 34.48. ಹಲ್ಲನ್ನು ಸ್ವಲ್ಪ ತೆಳ್ಳಗೆ ಮಾಡಿ 34.38ಕ್ಕೆ ತಂದೆ. ಬ್ಯಾಕ್‌ಲ್ಯಾಶ್ ಖಾನೆಯಲ್ಲಿ ಹಾಕಿದ ಅಂಕಿಯನ್ನೇ ನಂಬದೆ ಮಾಡೆಲಿನ ಮೇಲೂ ಈ ಅಳತೆ ತೆಗೆದು ನೋಡಿ.

ಹಾಬಿಂಗ್‌ಗೆ (ಹಾಬ್ ಎಂಬ ತಿರುಗುವ ಕಟರ್‌ನಿಂದ ಹಲ್ಲು ಕೊಯ್ಯುವುದಕ್ಕೆ) ಕೊಡುವುದಾದರೆ ಈ ಆಕಾರದ ಬಗ್ಗೆ ತಲೆ ಕೆಡಿಸಿಕೊಳ್ಳುವುದೇ ಬೇಡ. ಹಲ್ಲಿನ ಆಕಾರ ಹಾಬ್‌ನಿಂದಲೇ ಬರುತ್ತದೆ, ಅಂಕಿಗಳು ಸಾಕು. ಆದರೆ ಒಂದೇ ಗೇರಿಗಾಗಿ 14.5 ಡಿಗ್ರಿಯ 8 ಡಿಪಿ ಹಾಬ್ ಹುಡುಕುವುದಕ್ಕಿಂತ ವೈರ್‌ಕಟ್ (ವಿದ್ಯುತ್ ಹಾಯುವ ತೆಳು ತಂತಿಯಿಂದ ಕೊಯ್ಯುವುದು) ವಾಸಿ. ವೈರ್‌ಕಟ್‌ಗೆ ಮಾಡೆಲಿನ ಗೆರೆಯೇ ಗೇರ್. ವೈರ್‌ಕಟ್‌ಗೆ ಕಳಿಸುವ ಡಿಎಕ್ಸ್‌ಎಫ್ ಡ್ರಾಯಿಂಗ್ ಫೈಲ್ ಮಾಡುವಾಗ ಬಾಗಿದ ಗೆರೆ ಸಣ್ಣ ನೇರ ತುಂಡುಗಳಾಗಿ ಒಡೆಯಬಹುದು. ತುಂಡು ದೊಡ್ಡದಿದ್ದರೆ ಹಲ್ಲಿನ ಮೈ ಮೇಲೆ ಪಟ್ಟಿ ಪಟ್ಟಿಯಾಗಿ ಕಾಣುತ್ತದೆ, ಓಡುವಾಗ ಸದ್ದೂ ಜಾಸ್ತಿ. ಫೈಲನ್ನು ಜೂಮ್ ಮಾಡಿ ನೋಡದೆ ಕಳಿಸಬೇಡಿ. ತಂತಿಯ ದಪ್ಪವನ್ನು ಮಾಡೆಲಿನಲ್ಲಿ ಕಳೆಯಬಾರದು; ಅದನ್ನು ಮಷಿನ್ ಪ್ರೋಗ್ರಾಮಿನಲ್ಲೇ ಕೊಡುತ್ತಾರೆ.

ಇಎನ್8 ಸ್ಟೀಲಿನಲ್ಲಿ ಕೊಯ್ದು ಬಂದ ಗೇರ್ 34.39 ತೋರಿಸಿತು. ಹಲ್ಲಿಗೆ ನೀಲಿ ಬಣ್ಣ ಹಚ್ಚಿ ಕೈಯಲ್ಲಿ ತಿರುಗಿಸಿದಾಗ ಪಿನಿಯನ್ ತಾಗಿದ ಗುರುತು ಹಲ್ಲಿನ ನಡುವೆ ಬಿತ್ತು. ಮುಂದೆ ಆ ಪಿನಿಯನ್ನೂ ಮಾಡಬೇಕಾಗುತ್ತದೆ. ಅದು ಇನ್ನೂ ನಾಜೂಕಿನ ಕೆಲಸ: 14.5 ಡಿಗ್ರಿಯಲ್ಲಿ 32ಕ್ಕಿಂತ ಕಡಿಮೆ ಹಲ್ಲಿದ್ದರೆ ಬುಡ ಕೊರೆದು ಹೋಗುತ್ತದೆ. 20 ಡಿಗ್ರಿಯಲ್ಲಾದರೆ 17ರವರೆಗೂ ಆ ತೊಂದರೆ ಇಲ್ಲ. ಆಗ ಎರಡೂ ಗೇರನ್ನು 20 ಡಿಗ್ರಿಗೇ ಬದಲಿಸೋಣ ಅಂತ ಮಿಲ್ಲಿನವರಿಗೆ ಹೇಳಿದ್ದೇನೆ.